ಆಚೆ ಮಗ್ಗುಲಿನ ದಾರಿ

ಮೇಣ ಕರಗುವ ವಾಸನೆಯಲ್ಲಿ ಒಂದು ಬಗೆಯ ಸಿಹಿ ಇದೆ, ಸಂಜೆಯಾಗುತ್ತಾ ಬಂದಂತೆ ಅದು ಹೆಚ್ಚಾಗುತ್ತದೆ, ಅಥವಾ ಸಂಜೆಯ ಹೊತ್ತಿಗೆ ಮೂಗಿಗೆ ಪುರುಸೊತ್ತು ಸಿಗುತ್ತದೋ ಏನೋ, ಸ್ಪಿರಿಟ್ ದೀಪದ ನೀಲಿ ಉರಿಯಲ್ಲಿ ಚಾಕುವಿನ ತುದಿ ಕಾಯಿಸಿ ಗುಲಾಬಿ ಮೇಣದ ವಸಡಿಗೆ ಕೋರೆಹಲ್ಲು ಕೂರಿಸುತ್ತಾ ಅವಳು ಅಂದುಕೊಳ್ಳುತ್ತಾಳೆ, ಇದು ಒಂಚೂರು ಓರೆಯಾಗಿಯೇ ಇರಲಿ, ಸೈನ್ಯದ ಹಾಗೆ ನೆಟ್ಟಗೆ ನಿಂತ ಕಟ್ಟಿಸಿದ ಹಲ್ಲನ್ನು ಯಾರೂ ನಂಬುವುದಿಲ್ಲ, ನಾಳೆ ರೈಲಿಗೆ ಹಾಕಬೇಕಾದ ಸೈಕಲ್ಲಿನ ಹ್ಯಾಂಡಲ್ಲೂ ಅಷ್ಟೇ, ಓರೆ ಮಾಡಿದರೆ ಮಾತ್ರ ರೈಲಿನ ಬಾಗಿಲಲ್ಲಿ ಹಿಡಿಸುತ್ತದೆ — ಹೋಗಿ ಮೊಳ ಹಾಕಿ ನೋಡಿಕೊಂಡೇ ಬಂದಿದ್ದಾಳೆ, ಬಾಗಿಲ ಬಳಿ ಮೊಳ ಹಾಕುತ್ತಿದ್ದವಳನ್ನು ಪಾರ್ಸೆಲ್ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, ಏನಮ್ಮ ರೈಲು ಕೊಂಡ್ಕೊಳ್ತೀರಾ, ಇಲ್ಲ ಸಾರ್ ಸೈಕಲ್ಲು ತರ್ಬೇಕು, ಚಕ್ರ ಇದ್ರೆ ಅದು ವಾಹನ ಕಣಮ್ಮ, ವಾಹನ ಡಬ್ಬಿಯೊಳಗೆ ಬಿಡಲ್ಲ, ಚಕ್ರ ಬಿಚ್ಚಿದ್ರೆ, ಬಿಚ್ಚಿದ್ರೆ ಲಗೇಜು, ಎರಡೂ ಬಿಚ್ಚಬೇಕಾ ಒಂದು ಸಾಕಾ — ಪಾಪ, ಅಷ್ಟು ವರ್ಷದ ಸರ್ವೀಸಿನಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲವೇನೋ, ಪೆನ್ನು ಕಿವಿಗೆ ಸಿಕ್ಕಿಸಿ ಯೋಚನೆಗೆ ಬಿದ್ದ, ಒಂದೇ ಚಕ್ರದ ಮೇಲೆ ನೀವು ಓಡಿಸ್ತೀರಾ, ಇಲ್ಲಪ್ಪ, ಹಾಗಾದ್ರೆ ಒಂದು ಸಾಕು. ನ್ಯಾಯವಾದ ಮಾತು. ಮುಂದಿನ ಚಕ್ರ ಬಿಚ್ಚಿ ಪಕ್ಕಕ್ಕೆ ಕಟ್ಟುವುದು, ಪೆಡಲು ಎರಡೂ ಬಿಚ್ಚುವುದು, ಎಡಗಡೆಯದು ಉಲ್ಟಾ ತಿರುಗುತ್ತದೆ, ಪ್ರತಿ ಸಲ ಮರೆತು ಇನ್ನಷ್ಟು ಬಿಗಿ ಮಾಡಿ ಆಮೇಲೆ ತನಗೆ ತಾನೇ ಬೈದುಕೊಳ್ಳುವುದು, ಹಳೇ ಬೆಡ್‌ಶೀಟು ಸುತ್ತುವುದು, ಆಗ ಅದು ಲಗೇಜು, ಅವಳು ಪ್ರಯಾಣಿಕಳು, ಎಲ್ಲ ಕಾನೂನುಬದ್ಧ. ಕೋರೆಹಲ್ಲು ಕೂತಿತು. ಮುಂದಿನದು.

ಬೆಳಿಗ್ಗೆಯ ರೈಲು ಬೆಟ್ಟದ ಬುಡದ ಪುಟ್ಟ ಸ್ಟೇಷನ್ನಿನಲ್ಲಿ ಇಳಿಸುತ್ತದೆ, ಅಲ್ಲಿ ಬೆಂಚಿನ ಮೇಲೆ ಸೈಕಲ್ಲಿಗೆ ಮತ್ತೆ ಜೀವ ಕೊಟ್ಟು ಟಾರು ರಸ್ತೆ, ಟಾರು ಮುಗಿದ ಮೇಲೆ ಮಣ್ಣು ರಸ್ತೆ, ಮಣ್ಣು ರಸ್ತೆ ಕಾಡಿಗೆ ನುಗ್ಗುವಲ್ಲಿ ಏರು ಶುರು, ಆ ಏರನ್ನು ಅವಳು ಚೆನ್ನಾಗಿ ಬಲ್ಲಳು, ಆದರೆ ಕಾರಿನ ಕಿಟಕಿಯಿಂದ, ಕಿಟಕಿಯಿಂದ ನೋಡಿದ ಏರು ತೊಡೆಗೆ ಹೇಗೆ ಕಾಣುತ್ತದೆ ಅನ್ನುವುದು ನಾಳೆ ಗೊತ್ತಾಗುತ್ತದೆ, ಬೆನ್ನ ಮೇಲೆ ಬಂಡೆ ಹತ್ತುವ ಹಗ್ಗ ಬೇರೆ — ಹಗ್ಗದ ಭಾರವನ್ನು ಎಲ್ಲಿಂದ ಕಡಿಮೆ ಮಾಡಲಿ, ಹಗ್ಗವನ್ನು ಕತ್ತರಿಸುವಂತಿಲ್ಲವಲ್ಲ, ಅದಕ್ಕೇ ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿದ್ದಾಳೆ, ಟವೆಲ್ಲು ಅರ್ಧ, ಸೋಪು ಕಾಲು, ಹಲ್ಲುಜ್ಜುವ ಬ್ರಷ್ಷಿನ ಹಿಡಿ ಪೂರಾ, ಲ್ಯಾಬಿನ ಗರಗಸದಲ್ಲೇ, ಊರಿಗೆಲ್ಲ ಹಲ್ಲು ಮಾಡಿಕೊಡುವವಳು ಇನ್ನು ಮೂರು ದಿನ ಬೆರಳುದ್ದದ ಬ್ರಷ್ಷಿನಲ್ಲಿ ಉಜ್ಜಬೇಕು, ಉಜ್ಜಲಿ. ಹೆಲ್ಮೆಟ್ಟು ಒಂದೇ, ಸೈಕಲ್ಲಿಗೂ ಬಂಡೆಗೂ. ನೀರಿನ ಬಾಟಲಿ ಸೈಕಲ್ಲಿನ ಚೌಕಟ್ಟಿನ ಹೊಟ್ಟೆಯಲ್ಲಿ. ಬಂಡೆ ಹತ್ತುವ ಬೂಟು ಹೊರಗೆ ನೇತಾಡಲಿ, ಅದರ ವಾಸನೆಗೆ ಚೀಲದೊಳಗೆ ಜಾಗವಿಲ್ಲ. ಬಂಡೆಯ ಬುಡದಲ್ಲಿ ಮಳೆ ಬಿದ್ದರೂ ನೆನೆಯದ ಒಂದು ಸೂರಿನಂಥ ಜಾಗ ಇದೆ, ಮಲಗುವುದು ಅಲ್ಲಿ, ಮಾರನೆಯ ದಿನ ಇಡೀ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು, ಮೂರನೆಯ ದಿನ — ಇಲ್ಲಿಗೆ ಬಂದಾಗಲೆಲ್ಲ ಅವಳ ಚಾಕು ತಾನಾಗಿ ನಿಲ್ಲುತ್ತದೆ, ಮೇಣ ಆರಿಹೋಗುತ್ತದೆ — ಮೂರನೆಯ ದಿನ ಆಚೆ ಮಗ್ಗುಲು. ಎಷ್ಟು ಸಲ ಆ ಬಂಡೆಯ ನೆತ್ತಿಯಲ್ಲಿ ಕೂತು ಆಚೆ ನೋಡಿದ್ದಾಳೆ, ಹುಲ್ಲಿನ ನಡುವೆ ಒಂದು ಕೆಂಪು ದಾರಿ ಹೊರಳಿ ಹೊರಳಿ ಕೆಳಗಿಳಿಯುತ್ತದೆ, ಎಲ್ಲೋ ಕೆಳಗೆ ಇನ್ನೊಂದು ರೈಲು ಹಳಿ ಬಿಸಿಲಿಗೆ ಮಿಂಚುತ್ತದೆ, ದಪ್ಪ ಟೈರಿನ ಸೈಕಲ್ಲಿಗೆ ಅಂತಲೇ ಯಾರೋ ಕೊರೆದಿಟ್ಟ ಹಾಗೆ, ಪೆಡಲು ತುಳಿಯದೆ ಬರೀ ಬ್ರೇಕಿನ ಮೇಲೆ ಬೆರಳಿಟ್ಟುಕೊಂಡು ಗುಡ್ಡವಿಡೀ ಇಳಿಯಬಹುದು, ಅಕ್ಕಾ, ಆ ಕಡೆ ಇಳಿದ್ರೆ ಹೇಗಿರುತ್ತೆ, ಬಾರೇ ಸಾಕು, ಕಾರು ಈ ಕಡೆ ಇದೆ, ಅನ್ನುತ್ತಿದ್ದಳು ಅಕ್ಕ. ಪ್ರತಿ ಸಲವೂ ಕಾರು ಈ ಕಡೆಯೇ ಇರುತ್ತಿತ್ತು. ಕಾರಿದ್ದವರು ಕಾರಿನ ಹತ್ತಿರಕ್ಕೇ ವಾಪಸು ಬರಬೇಕು, ಅದು ಅವರ ಹಣೆಬರಹ, ಇಷ್ಟು ಸಣ್ಣ ವಿಷಯ ಹೊಳೆಯುವುದಕ್ಕೆ ಅವಳಿಗೆ ನಲವತ್ತು ದಾಟಬೇಕಾಯಿತು, ಕಾರಿಲ್ಲದೆ ಹೊರಟರೆ ಈ ಕಡೆ ಹತ್ತಿ, ಕಾಲುದಾರಿಯಲ್ಲಿ ಸೈಕಲ್ಲನ್ನು ನೆತ್ತಿಗೆ ತಳ್ಳಿ, ಆ ಕಡೆ ಇಳಿಯಬಹುದು, ಒಂದು ರೈಲಲ್ಲಿ ಹೋಗಿ ಇನ್ನೊಂದು ರೈಲಲ್ಲಿ ಬರಬಹುದು.

ಹಾಗಂತ ಅಕ್ಕನ ಕಾರಿನ ಋಣ ಮರೆಯುವಂತಿಲ್ಲ, ಅಕ್ಕನ ಕಾರು, ಅಕ್ಕನ ಫ್ಲಾಸ್ಕು, ಹಗ್ಗದ ಇನ್ನೊಂದು ತುದಿಯಲ್ಲಿ ಅಕ್ಕನ ಕೈ, ರಜೆ ಬಂತೆಂದರೆ ಇಬ್ಬರೂ ಬೆಟ್ಟಕ್ಕೆ, ಮನೆಯಲ್ಲಿ ಇವಳಿಗೆ ಹಲ್ಲಿ ಅಂತಲೇ ಹೆಸರು, ಬಾಗಿಲ ಚೌಕಟ್ಟು ಹತ್ತಿ ಮೇಲೆ ಅಂಟಿಕೊಂಡು ಬರುವವರನ್ನು ಹೆದರಿಸುತ್ತಿದ್ದ ಕಾಲದಿಂದ, ಕೆಳಗೆ ನಿಂತು ಕೈಚಾಚಿ ಬೀಳೋದಾದ್ರೆ ಹೇಳಿ ಬೀಳೇ ಅನ್ನುತ್ತಿದ್ದವಳು ಅಕ್ಕ. ಇಬ್ಬರದೂ ಒಂದು ಕಟ್ಟುಪಾಡು, ಯಾರು ಹತ್ತುತ್ತಾರೋ ಅವರು ತಮ್ಮ ಗಂಟನ್ನು ತಾವು ನೋಡಿಕೊಳ್ಳುವ ಹಾಗಿಲ್ಲ, ಕಟ್ಟಿ ಕೈಬಿಡಬೇಕು, ಎದುರಿಗೆ ನಿಂತವಳು ನೋಡಬೇಕು, ಬೆರಳು ಹಾಕಿ ಎಳೆಯಬೇಕು, ತನ್ನ ಗಂಟು ತನಗೆ ಯಾವಾಗ್ಲೂ ಸರಿಯಾಗೇ ಕಾಣುತ್ತೆ ಕಣೇ ಅಂತ ಅಕ್ಕನೇ ಮಾಡಿದ ಕಾನೂನು, ಇವಳ ಗಂಟು ಅಕ್ಕನ ಕಣ್ಣಲ್ಲಿ, ಅಕ್ಕನ ಗಂಟು ಇವಳ ಕಣ್ಣಲ್ಲಿ, ಹಿಡ್ದಿದ್ದೀಯಾ, ಹಿಡ್ದಿದ್ದೀನಿ, ಆಮೇಲೇ ಬಂಡೆಗೆ ಕೈ. ಹೋದ ಬೇಸಿಗೆಯಲ್ಲಿ ಅಡುಗೆಮನೆಯಲ್ಲಿ ಕಿತ್ತಳೆ ಸುಲಿಯುತ್ತಾ ಅಕ್ಕ ಅಂದಳು, ಹಲ್ಲಿ, ನನಗೆ ಸಾಕಾಯ್ತು. ಕಿತ್ತಳೆ ಸಾಕಾಯ್ತು ಅಂತಲೇ ಇವಳು ತಿಳಿದದ್ದು, ತಟ್ಟೆ ಕಡೆಗೆ ಕೈ ಚಾಚಿಯೂ ಆಗಿತ್ತು. ಬೆಟ್ಟ ಕಣೇ, ಸಾಕಾಯ್ತು, ಸುಸ್ತಾಗಿ ಅಲ್ಲ, ಸಿಟ್ಟಾಗಿ ಅಲ್ಲ, ನಿಜ ಹೇಳ್ಲಾ, ನನಗೆ ಇಷ್ಟ ಇದ್ದಿದ್ದು ಕಾರು ಓಡಿಸೋದು, ಆಮೇಲೆ ಕೆಳಗೆ ಕೂತು ಚಾ ಕುಡಿಯೋದು, ಹತ್ತೋದು ನಿನಗೋಸ್ಕರ. ಅಷ್ಟು ವರ್ಷ ನನಗೋಸ್ಕರಾನಾ, ಇವಳಿಗೆ ಯಾಕೋ ನಾಚಿಕೆಯಾಯಿತು, ಇಷ್ಟು ದಿನ ಜೊತೆಗೆ ಕೂತು ಊಟ ಮಾಡಿದವರು ನನಗೆ ಹಸಿವೇ ಇರಲಿಲ್ಲ ಅಂದರೆ ಆಗುವಂಥದ್ದು, ಆಮೇಲೆ ಅದರ ಬೆನ್ನಿಗೇ ಇನ್ನೊಂದು ಹುಳ ತಲೆಹೊಕ್ಕಿತು, ಅಕ್ಕ ಹತ್ತಿದ್ದು ನನಗೋಸ್ಕರ ಅಂದ ಮೇಲೆ ನಾನು ಹತ್ತಿದ್ದು ಯಾರಿಗೋಸ್ಕರ, ಕೆಳಗೆ ಅಕ್ಕ ಇದ್ದಾಳೆ, ನೋಡುತ್ತಿದ್ದಾಳೆ ಅನ್ನುವುದಕ್ಕೋಸ್ಕರವೇ ಆಗಿದ್ದರೆ, ಬೆಟ್ಟ ಅನ್ನುವುದು ಬಾಗಿಲ ಚೌಕಟ್ಟೇ ಆಗಿದ್ದರೆ. ಕಾರಲ್ಲಿ ಬಿಟ್ಟು ಬರ್ತೀನಿ ಬಾರೇ, ಕೆಳಗೆ ಕೂತಿರ್ತೀನಿ, ಅಂತ ಅಕ್ಕ ಈಗಲೂ ಅನ್ನುತ್ತಾಳೆ, ಬೇಡಕ್ಕ, ಯಾಕೇ ಬೇಡ, ಹೇಗೆ ಬಿಡಿಸಿ ಹೇಳುವುದು, ನೀನು ಕೆಳಗಿದ್ದರೆ ನನಗೆ ಗೊತ್ತಾಗುವುದಿಲ್ಲ ಅಕ್ಕಾ, ಅದು ನನ್ನದೋ ಅಲ್ಲವೋ ಅನ್ನುವುದು.

ಏನ್ರೀ, ಹಲ್ಲಿಗೆ ಜೋಗುಳ ಹಾಡ್ತಿದ್ದೀರಾ, ಪಕ್ಕದ ಮೇಜಿನಿಂದ ಪಿಂಗಾಣಿ — ಪಿಂಗಾಣಿ ಹಲ್ಲುಗಳಿಗೆ ಬಣ್ಣ ಕೊಡುವವನು, ಅದೇ ಅವನ ಹೆಸರಾಗಿ ಹೋಗಿದೆ — ಕುಂಚ ಒರೆಸುತ್ತಾ ಎದ್ದ, ಬೆಳಿಗ್ಗೆ ರೈಲಾ, ಹೂಂ, ಒಬ್ಬರೇನಾ, ಹೂಂ, ಕಾರಿಲ್ದೇನಾ, ಹೂಂ ಅಂದ್ನಲ್ಲ, ಅವನು ತಲೆ ಕೆರೆದುಕೊಂಡ, ನನ್ನ ಹೆಂಡ್ತಿ ತರಕಾರಿ ತರೋಕೂ ಕಾರು ತೆಗಿ ಅಂತಾಳೆ, ನೀವು ಬೆಟ್ಟಕ್ಕೆ ಸೈಕಲ್ಲು ಹೊತ್ಕೊಂಡು ಹೋಗ್ತೀರಿ, ಹೊತ್ಕೊಂಡು ಅಲ್ರೀ, ಅದೇ ನನ್ನ ಹೊತ್ಕೊಂಡು ಹೋಗುತ್ತೆ. ಅವನು ನಕ್ಕು ಹೋದ, ಲ್ಯಾಬು ಖಾಲಿಯಾಯಿತು, ಕೆಲಸ ಮುಗಿಯಿತು, ದೀಪ ಆರಿತು, ಇನ್ನು ನೆಪವೂ ಉಳಿಯಲಿಲ್ಲ. ಯಾಕೆಂದರೆ ಒಂದು ಕೆಲಸ ಬಾಕಿ ಇದೆ, ದಿನವೂ ನಾಳೆ ನಾಳೆ ಅಂತ ಅವಳು ಮುಂದೂಡುತ್ತಲೇ ಬಂದದ್ದು, ಹೆದರಿಕೆ ಅಂತ ಬಾಯಿಬಿಟ್ಟು ಹೇಳುವುದಾದರೆ ಹೆದರಿಕೆಯಿಂದಲೇ. ಒಬ್ಬಳೇ ಹತ್ತುವುದಕ್ಕೆ ಒಂದು ಉಪಾಯವುಂಟು, ಹಿಂಬದಿಯ ಕಾಲುದಾರಿಯಲ್ಲಿ ಮೊದಲು ನೆತ್ತಿಗೆ ನಡೆದುಹೋಗಿ ಗಟ್ಟಿ ಮರಕ್ಕೆ ಹಗ್ಗ ಕಟ್ಟಿ ಇಳಿಬಿಡುವುದು, ಕೆಳಗೆ ಬಂದು ಸೊಂಟದ ಪಟ್ಟಿಗೆ ಸಿಕ್ಕಿಸಿದ ಒಂದು ಕ್ಲಿಪ್ಪಿನೊಳಗೆ ಆ ಹಗ್ಗ ಹಾಯಿಸಿ ಹತ್ತುವುದು, ಹತ್ತಿದಂತೆಲ್ಲ ಕ್ಲಿಪ್ಪು ಹಗ್ಗದ ಮೇಲೆ ಸರಿದು ಜೊತೆಗೇ ಬರುತ್ತದೆ, ಕೈ ಜಾರಿದರೆ ಅದರೊಳಗಿನ ಸಣ್ಣ ಸಣ್ಣ ಹಲ್ಲುಗಳು ಹಗ್ಗವನ್ನು ಕಚ್ಚಿ ಹಿಡಿಯುತ್ತವೆ, ಕ್ಲಿಪ್ಪಿನ ಮೈಮೇಲೆ ಒಂದು ಬಾಣದ ಗುರುತು, ಬಾಣ ಮೇಲಕ್ಕಿರಬೇಕು, ಇಷ್ಟೇ. ಸರಿ, ಹೋಗು, ನನ್ನ ಎದುರಿಗೆ ಒಂದು ಸಲ ಆ ಹಗ್ಗದಲ್ಲಿ ಕೂತು ತೋರ್ಸು, ಅದು ನಿನ್ನ ಹಿಡಿದ್ರೆ ಹೋಗು, ಹಿಡೀದಿದ್ರೆ ಬಾಯಿ ಮುಚ್ಕೊಂಡು ಮನೇಲಿರು, ಅಂತ ಅಕ್ಕ, ಆಗಲಿ ಅಂತ ಇವಳು, ಮಾತು ಕೊಟ್ಟಾಗಿದೆ, ಅಕ್ಕ ಇವತ್ತು ಕೆಲಸ ಮುಗಿಸಿ ನೇರ ಇಲ್ಲಿಗೇ ಬರುತ್ತಾಳೆ. ಅವಳು ಬರುವ ಮೊದಲು ಒಂದು ಸಲ ಕೂತು ನೋಡೋಣ.

ಲ್ಯಾಬಿನ ಹಿಂದೆ ಮೆಟ್ಟಿಲು ಇಳಿದರೆ ಹಲ್ಲಿನ ಅಚ್ಚು ಹೊಯ್ಯುವ ಪ್ಲಾಸ್ಟರಿನ ಚೀಲಗಳ ಜಾಗ, ಮೇಲೆ ಚೀಲ ಎತ್ತುವುದಕ್ಕೆ ಹಾಕಿಸಿದ ಕಬ್ಬಿಣದ ತೊಲೆ, ಆ ತೊಲೆ ಆನೆಯನ್ನೂ ಹೊರುತ್ತದೆ, ನೆಲದ ಮೇಲೆ ಯಾವತ್ತೂ ಬಿಳಿ ಪುಡಿ, ಎಷ್ಟು ಗುಡಿಸಿದರೂ ಅಷ್ಟೇ. ತೊಲೆಗೆ ಹಗ್ಗ ಕಟ್ಟಿದಳು, ಸೊಂಟಕ್ಕೆ ಪಟ್ಟಿ ಬಿಗಿದಳು, ಕ್ಲಿಪ್ಪಿನ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿಕೊಂಡು ಕ್ಲಿಪ್ಪಿನ ಬಾಯಿ ತೆರೆದು ಹಗ್ಗ ಕೂರಿಸಿ ಮುಚ್ಚಿದಳು, ತಲೆ ಬಗ್ಗಿಸಿ ನೋಡಿದರೆ ಬಾಣ ಮೇಲಕ್ಕೇ ಇದೆ, ಚಿತ್ರದಲ್ಲಿ ಇರುವ ಹಾಗೇ, ಸರಿ, ದೇವರೇ, ಅಂತ ಕೂತಳು — ಕೂತದ್ದು ನೆಲದ ಮೇಲೆ. ಧೊಪ್ಪನೆ. ಬಿಳಿ ಪುಡಿ ಎದ್ದು ಕಣ್ಣು ಮೂಗು ತುಂಬಿತು. ಒಂದು ಕ್ಷಣ ನಗುವೇ ಬಂತು, ಆಮೇಲೆ ಹೊಳೆಯಿತು, ಇದು ಬಂಡೆಯಾಗಿದ್ದರೆ. ಎದ್ದು ಮತ್ತೆ ನೋಡಿದಳು, ಬಾಣ ಮೇಲಕ್ಕೆ, ಹಗ್ಗ ಸರಿ, ಕ್ಲಿಪ್ಪಿನ ಹಲ್ಲನ್ನು ಉಗುರಿನಲ್ಲಿ ತಡವಿದಳು, ಹಲ್ಲಿನ ವಿಷಯ ಅವಳಿಗೆ ಹೇಳಿಕೊಡಬೇಕಾಗಿಲ್ಲ, ಒಳ್ಳೇ ಹಲ್ಲು, ಚೂಪು, ಒಂದೂ ಮೊಂಡಾಗಿಲ್ಲ, ಮತ್ತೆ ಕೂತಳು, ಮತ್ತೆ ನೆಲ. ಇನ್ನೊಂದು ಸಲ. ನೆಲ. ಬಾಲಮೂಳೆ ನೋಯುತ್ತಿದೆ, ಬೆಡ್‌ಶೀಟು ಸುತ್ತಿದ ಸೈಕಲ್ಲು ಗೋಡೆಗೊರಗಿ ನಿಂತು ಎಲ್ಲವನ್ನೂ ನೋಡುತ್ತಿದೆ, ಕ್ಲಿಪ್ಪೇ ಕೈಕೊಟ್ಟಿತು, ಅಂಗಡಿಯವನು ಟೋಪಿ ಹಾಕಿದ, ವಾಪಸು ಕೊಡಬೇಕು, ಅಲ್ಲಿಗೆ ರೈಲು ಹೋಯಿತು, ಕೆಂಪು ದಾರಿ ಹೋಯಿತು, ಅಯ್ಯೋ ಸುಮ್ಮನೆ ಅಕ್ಕನ ಕಾರಲ್ಲೇ ಹೋಗಬಾರದಾಗಿತ್ತೇ, ಅವಳು ಚಾ ಕುಡಿಯುತ್ತಿದ್ದಳು, ನಾನು ಹತ್ತುತ್ತಿದ್ದೆ, ಎಲ್ಲ ಮೊದಲಿನ ಹಾಗೇ ಇರುತ್ತಿತ್ತು, ಕಣ್ಣಲ್ಲಿ ನೀರು ಬಂದದ್ದು ಪುಡಿಗೋ ಇದಕ್ಕೋ ಅವಳಿಗೇ ತಿಳಿಯಲಿಲ್ಲ.

ಏನೇ ಇದು, ಹಿಟ್ಟಿನ ಗಿರಣಿಗೆ ಬಿದ್ದ ಇಲಿ ಹಾಗಿದ್ದೀಯಲ್ಲೇ, ಅಕ್ಕ, ಬಾಗಿಲಲ್ಲಿ, ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಾ, ಇಲಿ ಅಲ್ಲ ಹಲ್ಲಿ, ಇಬ್ಬರಿಗೂ ನಗು, ಆಮೇಲೆ ಇವಳ ಮುಖ ನೋಡಿ ಅಕ್ಕ ಕೀ ತಿರುಗಿಸುವುದನ್ನು ನಿಲ್ಲಿಸಿದಳು, ಹಿಡೀತಿಲ್ವಾ, ಇಲ್ಲಕ್ಕ, ಮೂರು ಸಲ ಬಿದ್ದೆ, ಕ್ಲಿಪ್ಪು ಸರಿಯಿಲ್ಲ. ಎಲ್ಲಿ ತೋರ್ಸು. ಮೆಟ್ಟಿಲ ಮೇಲೆ ಎದುರಿಗೆ ಕೂತಳು ಅಕ್ಕ, ಹಳೇ ಅಭ್ಯಾಸ, ಬೆಟ್ಟ ಬಿಟ್ಟರೂ ಕೈ ಬಿಟ್ಟಿಲ್ಲ, ನೇರ ಇವಳ ಸೊಂಟದ ಪಟ್ಟಿಯ ಗಂಟಿಗೆ ಬೆರಳು ಹಾಕಿ ಎಳೆದಳು, ಗಂಟು ಸರಿ, ಪಟ್ಟಿ ಸರಿ, ಇದ್ಯಾಕೆ ಬಾಣ ಕೆಳಗಿದೆ, ಎಲ್ಲಿ ಕೆಳಗಿದೆ ಮೇಲಿದೆ, ಕೆಳಗಿದೆ ಕಣೇ, ಮೇಲಿದೆ ಅಕ್ಕ, ನಿಂಗೆ ಕನ್ನಡಕ ಬೇಕು, ನಿಂಗೆ ತಲೆ ಬೇಕು, ನೋಡಿಲ್ಲಿ ಕಣ್ಣು ಬಿಟ್ಟು, ನೀನೇ ನೋಡು — ಬೆಟ್ಟದಲ್ಲಿ ಎಂದೂ ಆಡದ ಜಗಳವನ್ನು ಪ್ಲಾಸ್ಟರಿನ ಚೀಲದ ಮುಂದೆ ಆಡುತ್ತಿದ್ದಾರೆ, ಕೊನೆಗೆ ಅಕ್ಕ ಕೈ ಹಿಡಿದು ದರದರ ಎಳೆದು ತನ್ನ ಪಕ್ಕ ಕೂರಿಸಿಕೊಂಡಳು, ಕ್ಲಿಪ್ಪನ್ನು ಪಟ್ಟಿಯಿಂದ ಬಿಚ್ಚಿ ತನ್ನ ಹೊಟ್ಟೆಗೆ ಇವಳು ಹಿಡಿದಿದ್ದ ಹಾಗೇ ಹಿಡಿದಳು, ಈಗ ತಲೆ ಬಗ್ಗಿಸ್ತೀನಿ, ನನಗೆ ಬಾಣ ಮೇಲೆ ಕಾಣುತ್ತೆ, ಎದುರಿಗೆ ಹೋಗಿ ನಿಂತ್ಕೋ, ಎಲ್ಲಿದೆ. ಹೋಗಿ ನಿಂತಳು. ಕೆಳಗಿದೆ. ಎದೆಗೆ ಚುಚ್ಚಿಕೊಂಡ ಹೆಸರಿನ ಬಿಲ್ಲೆಯ ಹಾಗೆ, ಎದುರಿಗೆ ಬಂದವರು ಓದಬಹುದು, ಹಾಕಿಕೊಂಡವರಿಗೆ ತಲೆಕೆಳಗು, ಇಷ್ಟು ವರ್ಷ ಅವಳು ನೋಡಿದ್ದೆಲ್ಲ ಅಕ್ಕನ ಸೊಂಟ, ಅಕ್ಕನ ಗಂಟು, ಸರಿ ಅನ್ನುವುದು ಎದುರಿಗಿರುವವರ ಮೈಮೇಲೆ ಹೇಗೆ ಕಾಣುತ್ತದೆ ಅಂತ ಮಾತ್ರ ಅವಳಿಗೆ ಗೊತ್ತು, ತನ್ನ ಮೈಮೇಲಿನದನ್ನು ಒಂದು ಸಲವೂ ನೋಡಿಕೊಂಡವಳಲ್ಲ, ನೋಡಿಕೊಳ್ಳಬಾರದು ಅಂತಲೇ ಕಾನೂನು, ಪೆಟ್ಟಿಗೆಯ ಮೇಲಿನ ಚಿತ್ರವೂ ಎದುರಿನಿಂದ ತೆಗೆದದ್ದೇ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ಇವಳೂ ನಕ್ಕಳು, ಬಾಲಮೂಳೆ ನೋಯುವಷ್ಟು ನಕ್ಕಳು, ನಗುತ್ತಾ ನಗುತ್ತಾ ಅಕ್ಕನ ನಗು ಎಲ್ಲೋ ನಿಂತಿತು, ಅಲ್ವೇ ಹಲ್ಲಿ, ಅಂಥ ಕಾನೂನು ಮಾಡಿ ನಾನೇ ನಿನ್ನ ಕುರುಡಿ ಮಾಡಿಟ್ಟಿದ್ನಲ್ಲೇ. ಹಾಗನ್ಬೇಡ. ಮತ್ತೇನನ್ಲಿ. ಬೀದಿಯಲ್ಲಿ ಯಾರೋ ಶಟರ್ ಎಳೆದ ಸದ್ದು. ಈಗ ಸರಿ ಮಾಡ್ಕೋ, ಕೂತ್ಕೋ, ನಾನು ನೋಡಿ ಹೇಳ್ತೀನಿ, ಅಂದ ಅಕ್ಕ ಅರ್ಧಕ್ಕೇ ತಡೆದು, ತಾನು ಚಾಚಿದ ಕೈಯನ್ನೇ ನೋಡಿಕೊಂಡು, ಎದ್ದು ಸೀರೆಗಂಟಿದ ಪುಡಿ ಕೊಡವಿದಳು, ಬೇಡ, ನಾನು ನೋಡಲ್ಲ. ಅಕ್ಕಾ, ನೀನೇ ಅಲ್ವಾ ಎದುರಿಗೆ ಕೂತು ತೋರ್ಸು ಅಂದಿದ್ದು. ಅಂದಿದ್ದೆ, ಈಗ ಬೇಡ ಅಂತಿದ್ದೀನಿ, ನಾಡಿದ್ದು ಆ ಬಂಡೆ ಬುಡದಲ್ಲಿ ನಾನಿರಲ್ಲ, ನನಗೆ ನೋಡ್ಬೇಕು ಅಂತ ಜೀವ ಹೋಗ್ತಿದೆ, ಅದಕ್ಕೇ ನೋಡಲ್ಲ, ಕಾರಲ್ಲಿ ಕೂತಿರ್ತೀನಿ, ಹೋಗೋದೋ ಬಿಡೋದೋ ನೀನೇ ಬಂದು ಹೇಳು. ಮೆಟ್ಟಿಲು ಹತ್ತಿ ಹೋಗುವಾಗ ಅವಳು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ, ಹಾಗೆ ನೋಡದಿರುವುದಕ್ಕೆ ಅವಳು ಪಟ್ಟ ಪಾಡು ಅವಳ ಬೆನ್ನಿನಲ್ಲೇ ಕಾಣುತ್ತಿತ್ತು, ಆಮೇಲೆ ಬೀದಿಯಲ್ಲಿ ಕಾರಿನ ಬಾಗಿಲು ಮುಚ್ಚಿಕೊಂಡಿತು.

ಈಗ ಯಾರೂ ಇಲ್ಲ, ತೊಲೆ ಇದೆ, ಹಗ್ಗ ಇದೆ, ಸೈಕಲ್ಲು ಇದೆ, ಕ್ಲಿಪ್ಪನ್ನು ಮತ್ತೆ ಸಿಕ್ಕಿಸಿದಳು, ಹಗ್ಗ ಹಾಯಿಸಿದಳು, ತಲೆ ಬಗ್ಗಿಸಿದರೆ ಬಾಣ ಅವಳ ಕಣ್ಣಿಗೆ ತಲೆಕೆಳಗು, ಮೈಯ ರೋಮ ರೋಮವೂ ತಪ್ಪು ತಪ್ಪು ಅನ್ನುತ್ತಿದೆ, ಇರಲಿ, ಕಣ್ಣು ಮುಚ್ಚಿದಳು, ಲ್ಯಾಬಿನಲ್ಲೂ ಹಾಗೇ ಅಲ್ಲವೇ, ಕಟ್ಟಿದ ಹಲ್ಲಿನ ಅಂಚು ನುಣುಪಾಯಿತೋ ಇಲ್ಲವೋ ಅಂತ ಕಣ್ಣು ಎಷ್ಟು ಹೇಳಿದರೂ ಕೊನೆಗೆ ಕೇಳುವುದು ಬೆರಳನ್ನೇ, ಬೆರಳಿಗೆ ಎದುರು ಹಿಂದು ಅಂತ ಇಲ್ಲ, ಮುಷ್ಟಿಯಲ್ಲಿ ಕ್ಲಿಪ್ಪು ಹಿಡಿದು ಮೇಲಕ್ಕೆ ತಳ್ಳಿದಳು, ಸರಿಯಿತು, ಕೆಳಕ್ಕೆ ಜಗ್ಗಿದಳು, ಕಚ್ಚಿತು. ಇನ್ನೊಮ್ಮೆ ಜಗ್ಗಿದಳು, ಕಚ್ಚಿತು. ಹಿಡ್ದಿದ್ದೀಯಾ ಅಂತ ಬಾಯಿ ತಾನಾಗಿ ಕೇಳಿತು, ಖಾಲಿ ಮೆಟ್ಟಿಲುಗಳಿಗೆ, ಉತ್ತರ ಕೊಡಬೇಕಾದವಳೂ ನಾನೇ ಅಲ್ಲವೇ, ಹಿಡ್ದಿದ್ದೀನಿ ಅಂದಳು, ಕೂತಳು. ಹಗ್ಗ ಒಂದಿಷ್ಟು ಹಿಗ್ಗಿ ನಿಂತಿತು. ಮೊದಲು ಬಲಗಾಲು ಎತ್ತಿದಳು, ಆಮೇಲೆ ಜೀವ ಗಟ್ಟಿ ಮಾಡಿ ಎಡಗಾಲು, ತೊಲೆ ಕಿರ್ ಅಂದು ಸುಮ್ಮನಾಯಿತು, ಮೆಲ್ಲಗೆ ತೂಗುತ್ತಾ ಕೆಳಗೆ ನೋಡಿದರೆ ಬಿಳಿ ಪುಡಿಯಲ್ಲಿ ಅವಳ ಎರಡು ಹೆಜ್ಜೆ ಅಚ್ಚೊತ್ತಿ ನಿಂತಿವೆ, ಅವುಗಳಲ್ಲಿ ಅವಳಿಲ್ಲ, ಒಂದು ಗೇಣು ಮೇಲಿದ್ದಾಳೆ. ಹತ್ತುತ್ತಾ ಹತ್ತುತ್ತಾ ಕ್ಲಿಪ್ಪಿನ ಕೆಳಗೆ ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿಕೊಳ್ಳಬೇಕು, ಕ್ಲಿಪ್ಪು ಕೈಕೊಟ್ಟರೂ ಗಂಟು ತಡೆಯಲಿ, ಬೆಳಿಗ್ಗೆ ಅಲಾರಂ, ನೀರು ತುಂಬಿಸಿಡಬೇಕು, ಎರಡು ಹೆಜ್ಜೆ, ಹಿಮ್ಮಡಿ ಆಳ, ಬೆರಳ ಕಡೆ ತೆಳು, ಗುಮಾಸ್ತನಿಗೆ ಚಕ್ರ ತೋರಿಸಬೇಕು, ಏರು, ಸೂರಿನಂಥ ಜಾಗ, ನೆತ್ತಿಯ ಮರ, ಮೇಲೆ ಹೋಗಿ ಕೂತಾಗ ಕೆಳಗೆ ಯಾರೂ ಚಾ ಕುಡಿಯುತ್ತಿರುವುದಿಲ್ಲ, ಆದರೂ ಹತ್ತಬೇಕು ಅನಿಸುತ್ತಿದೆಯಲ್ಲ, ಇದು ನನ್ನದೇ, ನನ್ನದೇ ಕಣಕ್ಕಾ, ಓಡಿಹೋಗಿ ಹೇಳಬೇಕು, ಕಾರಿನ ಗಾಜು ಬಡಿದು ಹೇಳಬೇಕು, ಇನ್ನೊಂದು ಕ್ಷಣ, ತೂಗುತ್ತಾ, ಎರಡು ಹೆಜ್ಜೆ, ಕೆಂಪು ದಾರಿ, ಬ್ರೇಕಿನ ಮೇಲೆ ಬೆರಳು, ಆಚೆ ಮಗ್ಗುಲು, ಎರಡು ಹೆಜ್ಜೆ, ಕೆಳಗೆ ಬಿಳಿ ಪುಡಿಯಲ್ಲಿ ಎರಡು ಹೆಜ್ಜೆ, ಖಾಲಿ —